ಬೆಳ್ಳ ಮಗುಚದೆ ಹೋದ ಎಲೆ

ಚಿಕ್ಕಬೀರಮ್ಮನ ಮುತ್ತಾತ ಕೆಂಚಬೀರ. ಕಾಕನಕೋಟೆ ಕಾಡಿನಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಕಾಲದಲ್ಲಿ ದೊಡ್ಡಿಯ ಬಾಗಿಲಿಗೆ ಸೊಪ್ಪು ಕಟ್ಟುವ ಕೆಲಸ ಅವನದಾಗಿತ್ತು. ಅಷ್ಟೆತ್ತರದ ಮರದ ದಿಮ್ಮಿಗಳ ಸಾಲು ಆನೆಯ ಕಣ್ಣಿಗೆ ಕಾಡಾಗಿಯೇ ಕಾಣಬೇಕು. ಕಡಿದ ಕೊಂಬೆ ಒಂದು ಬಿಸಿಲು ತಿಂದರೆ ಬಾಡುತ್ತದೆ. ಬಾಡಿದ ಹಸಿರಿನ ಗುರುತು ಆನೆಗೆ ನಮಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಕೆಂಚಬೀರ ಬೆಳಗಾದರೆ ಹಳೆಯ ಸೊಪ್ಪು ಕಿತ್ತು ಹೊಸದು ಕಟ್ಟುತ್ತಿದ್ದ. ಅವನು ಕಟ್ಟಿದ ಸೊಪ್ಪಿಗೆ ಮರಿಯಾನೆಯ ತಾಯಿಯೊಂದು ಬಂದು ಮೈ ಉಜ್ಜಿಕೊಂಡು, ನಾಲ್ಕು ಎಲೆ ಮೆದ್ದು, ಮರಿಯನ್ನು ಮುಂದೆ ಮಾಡಿಕೊಂಡು ನೆಟ್ಟಗೆ ಬಾಗಿಲೊಳಕ್ಕೆ ನಡೆಯಿತಂತೆ. ಅದನ್ನು ಕಂಡು ಅವನೇ ಅತ್ತನಂತೆ. ತಾತ ದೊಡ್ಡಬೀರ, ಆನೆಗಳು ಒಳಗಾದೊಡನೆ ಬಾಗಿಲು ಬೀಳುವಂತೆ ಹಗ್ಗ ಕಡಿಯುವವನು. ಮಚ್ಚು ಹಿಡಿದು ಮರದ ಮೇಲೆ ಕುಳಿತನೆಂದರೆ ಚಗಳಿ ಇರುವೆ ಕಿವಿಯೊಳಗೆ ಹೊಕ್ಕರೂ ಅಲುಗುತ್ತಿರಲಿಲ್ಲ. ತಂದೆ ಕರಿಯ ಕಡೆಯ ಖೆಡ್ಡಾಕ್ಕೆ ಸೊಪ್ಪು ಕಟ್ಟಿದವನು. ಇವರಲ್ಲಿ ಯಾರಿಗೂ ಹೊಲವಿರಲಿಲ್ಲ, ಪಟ್ಟಾ ಇರಲಿಲ್ಲ. ಇದ್ದ ಆಸ್ತಿ ಮರೆ ಮಾಡುವ ವಿದ್ಯೆಯೊಂದೇ.

ಆ ವಿದ್ಯೆಗೆ ಒಂದು ಕಟ್ಟಳೆ ಇತ್ತು. ಎಷ್ಟೇ ಚೆನ್ನಾಗಿ ಮರೆ ಕಟ್ಟಲಿ, ಮೊಣಕಾಲೆತ್ತರದಲ್ಲಿ ಒಂದೇ ಒಂದು ತೇಗದ ಎಲೆಯನ್ನು ಅದರ ಬಿಳುಚು ಹೊಟ್ಟೆ ಹೊರಗೆ ಕಾಣುವಂತೆ ಸಿಕ್ಕಿಸಬೇಕು. ಅದಕ್ಕೆ ಹೊಟ್ಟೆ ಎಲೆ ಎಂದು ಹೆಸರು. ಮರೆಯಲ್ಲಿ ಕುಳಿತವನು ಎಲ್ಲಿದ್ದಾನೆಂದು ತನ್ನವರಿಗೆ ತಿಳಿಯಲಿ ಎಂದು ಇಡುವ ಗುರುತು ಅದು. ಹೊರಗಿನವರಿಗೆ ಅದರ ಸುದ್ದಿ ಹೇಳುವಂತಿಲ್ಲ. ಕೆಲಸ ಮುಗಿದು ಮರೆ ಬಿಚ್ಚುವಾಗ ಎಲೆ ಇಲ್ಲದ ಕಡೆಯಿಂದ ಶುರು ಮಾಡಿ, ಸುತ್ತಿ ಬಂದು, ಕಟ್ಟಕಡೆಗೆ ಎಲೆಯ ಹತ್ತಿರ ಬರಬೇಕು. ಇಟ್ಟವನೇ ಅದನ್ನು ಮಗುಚಬೇಕು. ಅವನು ಸತ್ತಿದ್ದರೆ ಒಡಹುಟ್ಟಿದವರು ಮಗುಚಬೇಕು. ಮಗುಚುವ ತನಕ ಇಟ್ಟವನು ಮರೆಯಲ್ಲೇ ಕುಳಿತಿದ್ದಾನೆಂದು ಲೆಕ್ಕ. ಇಷ್ಟನ್ನೂ ಚಿಕ್ಕಬೀರಮ್ಮ ಬಾಯಿಬಿಟ್ಟು ಹೇಳಿದ್ದು ಎಲ್ಲಾ ಮುಗಿದು ಹೋದ ಮೇಲೆ.

ಆಕೆಯ ಅಣ್ಣ ಬೆಳ್ಳ. ಕಾಡಿನೊಳಗಿನ ಅವರ ಗುಡಿಸಲುಗಳ ಹಾಡಿಯಿಂದ ಸೈನ್ಯಕ್ಕೆ ಹೋದ ಮೊದಲಿಗ. ಟ್ಯಾಂಕಿನೊಳಗೆ ಕುಳಿತು ಗುಂಡು ತುಂಬುವ ಕೆಲಸ ಕೊಟ್ಟಿದ್ದರು; ಕೈಯಲ್ಲಿ ಕುಂಚದ ಹದವಿದೆಯೆಂದು ತಿಳಿದ ಮೇಲೆ ಟ್ಯಾಂಕಿಗೆ ಮರೆಯ ಬಣ್ಣ ಬಳಿಯುವುದೂ ಅವನ ಪಾಲಿಗೆ ಬಂತು. ಬಾಂಗ್ಲಾ ಯುದ್ಧಕ್ಕೆ ಮುಂಚೆ, ಕಡೆಯ ಸಲ ರಜಕ್ಕೆ ಬಂದಾಗ, ತಳದಲ್ಲಿ ಉಳಿದ ಬಣ್ಣವನ್ನು ಡಬ್ಬಿ ಸಮೇತ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಜರಡಿ ಹಿಡಿದ ಮಣ್ಣು ಬೆರೆಸಿ, ಸೀಮೆಎಣ್ಣೆ ಹಾಕಿ ಕಲಸಿ, ಗುಡಿಸಲಿನ ಒಂಟಿ ಹಲಗೆಯ ಬಾಗಿಲಿಗೆ ಬಳಿಯತೊಡಗಿದ. ಹಸಿರಿನ ಪಕ್ಕದಲ್ಲಿ ಮಣ್ಣು, ಮಣ್ಣಿನೊಳಕ್ಕೆ ನುಗ್ಗಿದ ಹಸಿರು. ಚಿಕ್ಕಬೀರಮ್ಮ ಲಂಗ ಎತ್ತಿಕಟ್ಟಿಕೊಂಡು ಡಬ್ಬಿ ಹಿಡಿದು ನಿಂತಿದ್ದಳು.

"ನೋಡಮ್ಮಿ, ಹೊಳೀಬಾರ್ದು. ಗೆರೆ ನೆಟ್ಟಗಿರ್‌ಬಾರ್ದು. ಕಾಡ್ನಲ್ಲಿ ಎಲ್ಲಾರಾ ನೆಟ್ಟಗೆರೆ ಕಂಡಿದ್ದೀಯಾ?"

"ಟ್ಯಾಂಕು ಆನೆಗಿಂತ ದೊಡ್ಡದಾ ಅಣ್ಣ?"

"ಆನೆ ಅದ್ರ ಮುಂದೆ ಕರ ಕಣವ್ವ. ಆದ್ರೆ ಆನೇಗಿರೋ ಬುದ್ಧಿ ಅದ್ಕಿಲ್ಲ. ಅದೇ ಬಚ್ಚಿಟ್ಕಳಾಕಿಲ್ಲ, ನಾವೇ ಬಚ್ಚಿಡ್‌ಬೇಕು." ಆಮೇಲೆ ದನಿ ತಗ್ಗಿಸಿ ಹೇಳಿದ: "ನಮ್ ಗಾಡೀಗೂ ಒಂದು ಹೊಟ್ಟೆ ಎಲೆ ಇಟ್ಟಿವ್ನಿ. ಎಡಗಡೆ, ಹಿಂದ್ಲ ಚಕ್ರದ ಮೇಲೆ."

"ಸಾಹೇಬ್ರು ಬೈನಿಲ್ವಾ?"

"ಇದೇನ್ಲಾ ಬಿಳೀದು ಅಂದ್ರು. ಹದ್ದಿನ ಹಿಕ್ಕೆ ಸಾರ್ ಅಂದೆ. ನಕ್ಕೊಂಡು ಓದ್ರು. ಯುದ್ಧ ಮುಗುದ್ಮೇಲೆ ನಾನೇ ಅದ್ರ ಮೇಲೆ ಹಸ್ರು ಬಳ್ದು ಮಗುಚ್‌ಬುಡ್ತೀನಿ."

ಬಾಗಿಲಿಗೂ ಮೊಣಕಾಲೆತ್ತರದಲ್ಲಿ ಅಂಗೈಯಗಲದ ಬಿಳುಚು ಎಲೆಯೊಂದನ್ನು ಬರೆದ. "ಇದು ಮನೇದು. ಇದ ನೋಡ್ಕಂಡು ನಾನು ಬತ್ತೀನಿ. ಯಾರೂ ಮುಟ್ಬ್ಯಾಡಿ."

ಅವನು ಬರಲಿಲ್ಲ. ಟ್ರಂಕು ಬಂತು. ತಂದುಕೊಟ್ಟ ಸಿಪಾಯಿ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನಡೆದದ್ದನ್ನು ಹೇಳಿದ. ಟ್ಯಾಂಕಿನ ಮೇಲೆ ಹೊದಿಸಿದ್ದ ಕೊಂಬೆಗಳು ಬಾಡಿದ್ದವು. ಹಸಿ ಕೊಂಬೆ ಕಡಿದು ತರುತ್ತೇನೆಂದು ಬೆಳ್ಳ ಇಳಿದು ಹೋದ. ಕಾಲುವೆ ಏರಿಯ ಮೇಲಿನ ಜಾಲಿಗೆ ಕತ್ತಿ ಹಾಕುವಾಗ ಶೆಲ್ ಬಿತ್ತು. ದೇಹವನ್ನು ಅಲ್ಲೇ ಸುಟ್ಟರು. ತಾಯಿ ಕೇಳಿದ್ದು ಒಂದೇ ಮಾತು.

"ಗಾಡಿ ಏನಾಯ್ತಪ್ಪ?"

"ಗಾಡಿಗೇನೂ ಆಗ್ಲಿಲ್ಲ ತಾಯಿ."

"ಅಂಗಾರೆ ಎಲೆ ಉಳ್ಕಂಡದೆ" ಎಂದು ಆಕೆ ಒಳಗೆ ಹೋದಳು. ಸಿಪಾಯಿಗೆ ಏನೂ ತಿಳಿಯಲಿಲ್ಲ. ಮಗನ ತಿಥಿ ಮಾಡಲು ಆಕೆ ಯಾವತ್ತೂ ಒಪ್ಪಲಿಲ್ಲ. ಮರೆಯಲ್ಲಿ ಕುಳಿತವನಿಗೆ ಎಡೆ ಇಡುವುದುಂಟೇ? ಸಾಯುವಾಗ ಮಗಳ ಕೈ ಹಿಡಿದು, "ಉಳಿದೋಳು ನೀನೇ ಕಣವ್ವ. ಎಲೆ ಹುಡ್ಕು" ಅಂದಳು.

ಅಷ್ಟರಲ್ಲಿ ಕಬಿನಿಗೆ ಅಣೆಕಟ್ಟು ಬಂದು ಹಿನ್ನೀರು ಏರಿತು. ಖೆಡ್ಡಾದ ದೊಡ್ಡಿ ಇದ್ದ ಜಾಗ, ಹಾಡಿ, ಗುಡಿಸಲು ಎಲ್ಲಾ ನೀರಿನಡಿ ಹೋದವು. ಅಂತರಸಂತೆ ಕಡೆಗೆ ಎಬ್ಬಿಸಿದಾಗ ಒಬ್ಬೊಬ್ಬರು ಒಂದೊಂದು ಹೊತ್ತರು. ಕರಿಯ ಬಾಗಿಲು ಹೊತ್ತ. ಮುಂದೆ ಸರ್ಕಾರದ ಮನೆಗೆ ಕಬ್ಬಿಣದ ಬಾಗಿಲು ಬಂದರೂ ಚಿಕ್ಕಬೀರಮ್ಮ ಅದನ್ನು ಕೋಳಿಗೂಡಿಗೆ ಹಾಕಿ, ಹಳೆಯ ಹಲಗೆಯನ್ನೇ ಮುಂಬಾಗಿಲು ಮಾಡಿಕೊಂಡಳು. ಹೊಟ್ಟೆಪಾಡಿಗೆ ಕೊಡಗಿನ ತೋಟದಲ್ಲಿ ಕೂಲಿ ಮಾಡಿದಳು. ಗಂಡ ತೀರಿಹೋದ ಮೇಲೆ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಸುತ್ತಮುತ್ತ ಮನೆಗಳಿಗೆ ಸುಣ್ಣಬಣ್ಣ ಬಳಿದಳು. ಎಲ್ಲಾದರೂ ಹಳೇ ಟ್ಯಾಂಕು ನಿಲ್ಲಿಸಿದ್ದಾರೆಂದು ಕಿವಿಗೆ ಬಿದ್ದರೆ ಬಸ್ಸು ಹತ್ತಿ ಹೋಗಿ, ಎಡಗಡೆ ಬಗ್ಗಿ ನೋಡಿ ಬರುತ್ತಿದ್ದಳು. ಮುದುಕಿಗೆ ಟ್ಯಾಂಕಿನ ಹುಚ್ಚು ಎಂದು ಜನ ನಗುತ್ತಿದ್ದರು.

ಹುಣಸೂರಿನ ಕಡೆ ಒಂದು ಮೈದಾನದಲ್ಲಿ ಹಳೆಯ ಟ್ಯಾಂಕೊಂದು ಬಹಳ ವರ್ಷದಿಂದ ನಿಂತಿತ್ತು. ಒಬ್ಬರು ಹಸಿರು ಬಳಿದರು, ಇನ್ನೊಬ್ಬರು ನೀಲಿ, ಮತ್ತೊಬ್ಬರು ಮೆರವಣಿಗೆಗೆಂದು ಬೆಳ್ಳಿ ಬಣ್ಣ. ರಸ್ತೆ ಅಗಲ ಮಾಡುವಾಗ ಅದನ್ನು ಕೀಳಬೇಕಾಗಿ ಬಂದು, ನಿವೃತ್ತ ಸೈನಿಕರ ಸಂಘದವರು ಟ್ರೇಲರಿನಲ್ಲಿ ಹೇರಿಸಿ ಹ್ಯಾಂಡ್‌ಪೋಸ್ಟಿನ ತಮ್ಮ ಜಾಗಕ್ಕೆ ತಂದರು. ಸಂಘದ ಹಿರಿಯರು ಸುಬೇದಾರ್ ಮುದ್ದಯ್ಯನವರು. ಟ್ಯಾಂಕಿಗೆ ಬಾಂಗ್ಲಾ ಯುದ್ಧಕಾಲದ ಬಣ್ಣವನ್ನೇ ಮತ್ತೆ ಹಾಕಿಸಬೇಕೆಂಬುದು ಅವರ ಹಟ. ಆದರೆ ಅವರು ಸೈನ್ಯ ಸೇರಿದ್ದು ಆ ಯುದ್ಧ ಮುಗಿದ ಮೇಲೆ. ಸಿಕ್ಕಿದ ಫೋಟೋಗಳೆಲ್ಲ ಕಪ್ಪು ಬಿಳುಪು.

ಚಿಕ್ಕಬೀರಮ್ಮ ತಾನಾಗಿ ಹೋಗಿ ಗೇಟಿನಲ್ಲಿ ನಿಂತಳು. ಹ್ಯಾಂಡ್‌ಪೋಸ್ಟಿನಲ್ಲಿ ಲಾರಿ ಬಾಡಿ ಕಟ್ಟುವ ಮಾದೇಶ್ ಟ್ಯಾಂಕಿನ ಸರಪಳಿಗೆ ಎಣ್ಣೆ ಬಿಡುತ್ತಿದ್ದ.

"ಏನಜ್ಜಿ, ಟ್ಯಾಂಕ್ ಬೇಕಾ? ಮೈಲೇಜ್ ಕಮ್ಮಿ ಕಣಜ್ಜಿ."

"ನಿನ್ನ ನಾಲಗೇಗೆ ಹಾಕ್ಲಾ ಆ ಎಣ್ಣೇಯ. ಸುಬೇದಾರ್‌ನ ಕರಿ."

ಮುದ್ದಯ್ಯನವರು ಬಂದರು. ಆಕೆ ಹೇಳಿದ್ದು ಇಷ್ಟೇ: ನಮ್ಮಣ್ಣ ಟ್ಯಾಂಕಿನಲ್ಲಿದ್ದ, ಆ ಬಣ್ಣ ನಮ್ಮ ಮನೆಯಲ್ಲಿದೆ, ಹಳೆಯದನ್ನು ಕೆರೆಯುವುದೂ ಹೊಸದನ್ನು ಬಳಿಯುವುದೂ ನನಗೆ ಬಿಡಿ. ಎಲೆಯ ಮಾತು ಎತ್ತಲಿಲ್ಲ.

"ಯಾವ ರೆಜಿಮೆಂಟವ್ವ ನಿಮ್ಮಣ್ಣಂದು?"

"ಗೊತ್ತಿಲ್ಲ ಕಣಣ್ಣ. ಇದು ಯಾವ್ದು?"

"ನಮಗೂ ಗೊತ್ತಿಲ್ಲ. ನಂಬರೆಲ್ಲ ಬಣ್ಣದಡಿ ಹೋಗ್ಬುಟ್ಟಿದೆ. ಆ ಯುದ್ಧದಲ್ಲಿ ಪಂಜಾಬಿನ ಗಡೀಲಿ ಹೋರಾಡಿದ ಗಾಡಿ ಅಂತಷ್ಟೇ ಹೇಳಿದ್ರು."

"ಅಲ್ಲಿ ಜಾಲಿ ಗಿಡ ಬೆಳೀತದಾ?"

ಮುದ್ದಯ್ಯನವರು ಆಕೆಯ ಮುಖವನ್ನೇ ನೋಡಿ, "ಕಾಲುವೆ ಏರಿ ತುಂಬಾ ಅದೇ" ಅಂದರು. ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಬಾಗ್ಲು ತತ್ತೀನಿ" ಎಂದು ಹೊರಟಳು.

ಮಾರನೆಯ ದಿನ ಬಸ್ಸಿಗೆ ಬಾಗಿಲು ಹತ್ತಿಸುವುದೇ ಒಂದು ರಂಪವಾಯಿತು. "ಅಮ್ಮೋ, ಬಾಗ್ಲು ತಂದಿದ್ದೀಯ, ಮನೇನ ಯಾವ ಬಸ್ಸಿಗೆ ಹತ್ತುಸ್ದೆ?" ಎಂದ ಕಂಡಕ್ಟರ್. "ಮನೆ ನಡ್ಕಂಡು ಬತ್ತಾ ಅದೆ, ನೀನು ರೈಟ್ ಹೇಳು" ಎಂದು ಚಿಕ್ಕಬೀರಮ್ಮ ಹಲಗೆಯನ್ನು ಎದೆಗೆ ಒರಗಿಸಿಕೊಂಡು ನಿಂತಳು. ಬಣ್ಣದ ಅಂಗಡಿಯ ವಾಣಿಶ್ರೀ ಅರ್ಧ ದಿನ ಬೇರೆ ವ್ಯಾಪಾರ ಬಿಟ್ಟು, ಹಸಿರಿಗೆ ಕಪ್ಪು, ಕಪ್ಪಿಗೆ ಹಳದಿ ಹನಿಸಿ, ಬಾಗಿಲಿಗೆ ಹೋಲಿಸಿ ನೋಡಿದಳು.

"ಅವ್ವ, ಇದು ಹೊಳಪೇ ಇಲ್ಲ. ಸತ್ತ ಬಣ್ಣ ಕಣವ್ವ ಇದು."

"ಸಾಯ್‌ಬಾರ್ದು ಅಂತ್ಲೇ ಅದನ್ನ ಅಂಗ್ ಕಲ್ಸಿರಾದು ಮಗ. ಮಣ್ಣು ನಾನು ಬೆರುಸ್ಕೋತೀನಿ, ನೀನು ಹಸ್ರು ಒಂದು ಸರಿ ಮಾಡು." ವಾಣಿಶ್ರೀ ಕೆಳಗಿನ ಬಿಳುಚು ಎಲೆಯ ಮೇಲೆ ಬೆರಳಿಟ್ಟು ಇದಕ್ಕೆ ಯಾವ ಬಣ್ಣ ಎಂದು ಕೇಳಿದಾಗ, ಆಕೆ ಬಾಗಿಲನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದಳು.

ಕೆರೆಯುವ ಕೆಲಸ ಶುರುವಾಯಿತು. ಆಕೆ ಬಲಗಡೆಯಿಂದ ಹಿಡಿದಳು. ಥಿನ್ನರಿನಲ್ಲಿ ಬಟ್ಟೆ ಅದ್ದಿ ಒತ್ತಿ ಹಿಡಿದು, ಮೆತ್ತಗಾದ ಬಣ್ಣವನ್ನು ಮೊಂಡು ಚಾಕುವಿನಿಂದ ಒಂದೊಂದು ಪದರವಾಗಿ ಎಬ್ಬಿಸುವುದು. ಬೆಳ್ಳಿಯ ಅಡಿಯಲ್ಲಿ ನೀಲಿ, ನೀಲಿಯಡಿ ಅಂಗಡಿ ಹಸಿರು, ಅದರಡಿ ಇನ್ನೊಂದು ಹಸಿರು. ಎಷ್ಟೋ ಕಡೆ ಅದರಡಿ ಬರೀ ತುಕ್ಕು, ಇಲ್ಲವೇ ತಗ್ಗು ಮುಚ್ಚಲು ಮೆತ್ತುವ ಪಟ್ಟಿ ಎಂಬ ಬಿಳಿ ಲೇಪ. ತೋಪು ಕೂರಿಸಿದ ಗೋಪುರದ ಬಲಮಗ್ಗುಲಲ್ಲಿ, ಕೈ ಆಡದ ಒಂದು ಸಂದಿಯಲ್ಲಿ, ಒಂದು ದಿನ ಮಣ್ಣಿನ ಬಣ್ಣ ಕಂಡಿತು. ಮುದ್ದಯ್ಯನವರು ಭೂತಗನ್ನಡಿ ಹಿಡಿದು ನೋಡಿದರು. ಬಣ್ಣದೊಳಗೆ ಮರಳಿನ ಕಾಳಿತ್ತು. ಬಾಗಿಲನ್ನು ತಂದು ಪಕ್ಕಕ್ಕೆ ಹಿಡಿದರು. ಎರಡೂ ಅಕ್ಕತಂಗಿಯರ ಹಾಗಿದ್ದವು.

"ಆಗ ಎಲ್ಲಾ ಗಾಡೀಗೂ ಹಿಂಗೇ ಬಳೀತಿದ್ರೇನೋವ್ವ. ಇಷ್ಟರ ಮೇಲೆ ನಿಮ್ಮಣ್ಣಂದೇ ಅನ್ನಂಗಿಲ್ಲ" ಎಂದು ಮುದ್ದಯ್ಯನವರು ಮೆತ್ತಗೆ ಹೇಳಿದರು.

"ನಾನೂ ಅನ್ನಲ್ಲ" ಎಂದಳು ಆಕೆ. ಆದರೆ ಅವತ್ತಿನಿಂದ ಆಕೆಗೆ ಊಟ ಸೇರದಾಯಿತು. ಮುಂಭಾಗ ಮುಗಿಯಿತು, ಗೋಪುರ ಮುಗಿಯಿತು, ಹಿಂಭಾಗ ಮುಗಿಯಿತು. ಎಡಗಡೆ ಮಾತ್ರ ಬೆಳ್ಳಿ ಬಣ್ಣದಲ್ಲಿ ಹಾಗೆಯೇ ನಿಂತಿತ್ತು. ನೇರ ಹೋಗಿ ಹಿಂದಿನ ಚಕ್ರದ ಮೇಲೆ ಅಂಗೈಯಗಲ ಕೆರೆದು ನೋಡಿಬಿಡಬಹುದಿತ್ತು. ಬೇರೆಯವರಾದರೆ ಮೊದಲ ದಿನವೇ ನೋಡುತ್ತಿದ್ದರು. ಆದರೆ ಆಕೆ ಕೆಂಚಬೀರನ ಮನೆಯವಳು; ಎಲೆಗೆ ಅಡ್ಡದಾರಿಯಲ್ಲಿ ಬರುವಂತಿಲ್ಲ. ಥಿನ್ನರಿಗೆ ಅಂಗೈ ಬಿರಿದು ರಕ್ತ ಬರುತ್ತಿತ್ತು. ಮುದ್ದಯ್ಯನವರು ಕೈಗವಸು ತಂದುಕೊಟ್ಟರೆ, "ಬೆರಳಿಗೆ ಕಣ್ಣಿರ್‌ಬೇಕು ಅಣ್ಣ" ಎಂದು ಬದಿಗಿಟ್ಟಳು.

ಆಗ ಅಂತರಸಂತೆ ಕಡೆಯ ಹೊಸ ಹಾಡಿಯಲ್ಲಿ ಕುಳ್ಳಮ್ಮ ತೀರಿಕೊಂಡಳು, ಚಿಕ್ಕಬೀರಮ್ಮನ ಸೋದರತ್ತೆ. ಸಾವಾದ ಮನೆತನದವರು ಕಾರ್ಯ ಮುಗಿಯುವ ತನಕ ಕಬ್ಬಿಣ ಮುಟ್ಟುವಂತಿಲ್ಲ. "ಎಡಗಡೆ ಒಂದು ಉಳ್ಕಂಡದೆ ಅಣ್ಣ, ಬಂದು ಮಾಡ್ತೀನಿ" ಎಂದು ಹೇಳಿ ಆಕೆ ಹೊರಟಳು. ಮುಟ್ಟಬೇಡಿ ಎನ್ನಲಿಲ್ಲ. ಹಾಗೆಂದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದರೆ ಎಲೆಯ ಸುದ್ದಿ ಬರುತ್ತದೆ.

ಆಕೆ ಹೋದ ಮೇಲೆ ಮುದ್ದಯ್ಯನವರು ಆ ರಕ್ತ ಅಂಟಿದ ಬಟ್ಟೆಗಳನ್ನು ನೋಡಿದರು. "ಈ ವಯಸ್ನಲ್ಲಿ ಹಿಂಗ್ ಸಾಯ್ತಾ ಅದೆ ಕಣಯ್ಯ ಆ ಹೆಂಗ್ಸು" ಎಂದು ಮಾದೇಶನಿಗೆ ಹೇಳಿದರು. ಬಣ್ಣದ ಮಾದರಿ ಬಲಗಡೆ ಸಿಕ್ಕಿ ಆಗಿತ್ತು. ಉಳಿದದ್ದು ಬರೀ ಕೂಲಿ ಕೆಲಸ ಎಂದು ಇಬ್ಬರಿಗೂ ಅನ್ನಿಸಿತು. ಮಾದೇಶ್ ತನ್ನ ಗ್ರೈಂಡರ್ ತಂದ. ಎಡಗಡೆಯನ್ನು ಮುಂದಿನಿಂದ ಹಿಂದಿನವರೆಗೆ ಬೆಳ್ಳಗೆ ಉಕ್ಕು ಕಾಣುವಂತೆ ತಿಕ್ಕಿ, ತುಕ್ಕು ಹಿಡಿಯದಿರಲೆಂದು ಕೆಂಪು ಆಕ್ಸೈಡ್ ಕೂಡ ಹೊಡೆದ. ಅಜ್ಜಿ ಬಂದು ನೋಡಿ ಖುಷಿಪಡುತ್ತಾಳೆಂದು ಅಲ್ಲೇ ಒಂದು ಕುರ್ಚಿಯನ್ನೂ ಹಾಕಿಟ್ಟ.

ಚಿಕ್ಕಬೀರಮ್ಮ ಬಂದಳು. ಸುತ್ತಿ ಎಡಗಡೆಗೆ ಹೋದಳು. ಮಾದೇಶ್ ನಗುತ್ತಾ ಹತ್ತಿರ ಹೋದವನು ಅಲ್ಲೇ ನಿಂತ. ಆಕೆ ಹಿಂದಿನ ಚಕ್ರದ ಮುಂದೆ ನೆಲದ ಮೇಲೆ ಕುಳಿತು, ಕೆಂಪು ಬಳಿದ ತಗಡಿನ ಮೇಲೆ ಅಂಗೈ ಆಡಿಸುತ್ತಿದ್ದಳು.

"ಮಾದೇಶ, ಇಲ್ಲಿ ತಿಕ್ಕುವಾಗ ಏನಾರಾ ಕಂಡ್ಯಾ ಮಗ?"

"ಏನಿತ್ತಜ್ಜಿ? ಬೆಳ್ಳಿ, ನೀಲಿ, ಹಸ್ರು… ಅಡೀಗೆ ಎಲ್ಲೋ ಒಂಚೂರು ಬಿಳೀದಿತ್ತು."

"ಎಲ್ಲಿ?"

"ಇಲ್ಲೇ ಎಲ್ಲೋ. ಪಟ್ಟಿ ಇರ್‌ಬೇಕು ಅಂದ್ಕಂಡೆ."

"ಎಷ್ಟಗಲ ಇತ್ತು? ಯಾವ ಆಕಾರ?"

ಮಾದೇಶ್ ಕೈ ಎತ್ತಿ ತೋರಿಸಲು ಹೋಗಿ, ಬೆರಳು ಅಗಲಿಸಿ, ಮತ್ತೆ ಕಿರಿದು ಮಾಡಿ, ಕೈ ಇಳಿಸಿದ. "ಗೊತ್ತಿಲ್ಲ ಕಣಜ್ಜಿ. ಧೂಳಿತ್ತು. ಗ್ರೈಂಡರ್ ಮುಟ್ತಿದ್ದಂಗೇ ಒಂಟೋಯ್ತು."

ಆಗ ಆಕೆ ಬಾಯಿಬಿಟ್ಟಳು. ಮಗುಚಲು ಎಲೆಯೇ ಉಳಿಯದ ಮೇಲೆ ಬಚ್ಚಿಡಲು ಏನಿದೆ? ಕೆಂಚಬೀರನಿಂದ ಹಿಡಿದು ಬೆಳ್ಳನ ತನಕ ಎಲ್ಲವನ್ನೂ ಹೇಳಿದಳು. ಮುದ್ದಯ್ಯನವರು ತಲೆಯ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೇಳಿದರು. ಮಾದೇಶ್ ಗ್ರೈಂಡರಿನ ವಯರನ್ನು ಕೈಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದ.

"ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲವ್ವ" ಎಂದರು ಮುದ್ದಯ್ಯನವರು. ಬೈಗುಳವಾಗಿರಲಿಲ್ಲ, ಅಳುವಂತಿತ್ತು.

"ಹೇಳಂಗಿರ್‌ನಿಲ್ಲ."

"ನಮ್ದೇ ತಪ್ಪು."

"ತಪ್ಪೇನಣ್ಣ. ನೀವು ನನ್ ಕೈ ನೋಡಿದ್ರಿ."

ಮುದ್ದಯ್ಯನವರು ಕೆಂಪು ಬಳಿದ ಜಾಗ ತೋರಿಸಿ, "ಅದೇ ಜಾಗಕ್ಕೆ ನಿನ್ ಕೈಯಿಂದ ಒಂದಷ್ಟು ಹಸ್ರು ಬಳ್ದುಬುಡವ್ವ. ಮಗುಚಿದಂಗೇ ಆಯ್ತದೆ" ಎಂದರು.

"ಇತ್ತೋ ಇಲ್ವೋ ತಿಳೀದ ಎಲೇಯ ಮಗುಚೋದೆಂಗಣ್ಣ? ಇದು ಬೇರೆಯೋರ ಗಾಡಿ ಆಗಿದ್ರೆ?" ಎಂದು ಆಕೆ ಎದ್ದು ಸೀರೆ ಕೊಡವಿಕೊಂಡಳು.

ಕೆಲಸವನ್ನು ಆಕೆ ಬಿಡಲಿಲ್ಲ. ಜರಡಿ ಹಿಡಿದ ಮಣ್ಣು ಬೆರೆಸಿ, ಬಾಗಿಲನ್ನು ಎದುರಿಗೆ ಒರಗಿಸಿಕೊಂಡು, ಅಣ್ಣ ಬಳಿದ ಹಾಗೆಯೇ ಬಳಿದಳು. ಎಲ್ಲೂ ಹೊಳಪಿಲ್ಲ, ಎಲ್ಲೂ ನೆಟ್ಟಗೆರೆಯಿಲ್ಲ. ಹಿಂದಿನ ಚಕ್ರದ ಮೇಲಿನ ಜಾಗಕ್ಕೆ ಹಸಿರು ಹಾಕದೆ ಮಣ್ಣಿನ ಬಣ್ಣವನ್ನೇ ಹಾಕಿದಳು. ಮುಗಿದ ದಿನ ರಸ್ತೆಯ ಆ ಬದಿಯಿಂದ ನೋಡಿದವರಿಗೆ, ಹಿಂದಿನ ಹೊಂಗೆ ಮರಗಳೂ ಮುಂದಿನ ಮಣ್ಣಿನ ದಿಬ್ಬವೂ ಸೇರಿ ಟ್ಯಾಂಕು ಒಂದು ಗಳಿಗೆ ಕಾಣಿಸಲೇ ಇಲ್ಲ.

ಉದ್ಘಾಟನೆ ಮುಗಿದು ಜನ ಚೆದುರಿದ ಮೇಲೆ ಮುದ್ದಯ್ಯನವರು ಆಕೆಯ ಹತ್ತಿರ ಬಂದರು. ಟ್ಯಾಂಕಿನ ಪಕ್ಕದಲ್ಲಿ ಬೆಳ್ಳನ ಹೆಸರಿನ ಕಲ್ಲು ನಿಲ್ಲಿಸುತ್ತೇವೆ, ಬಾಗಿಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತೇವೆ, ನಿನ್ನ ಮನೆಗೆ ಹೊಸ ಬಾಗಿಲು ಮಾಡಿಸಿ ಕೊಡುತ್ತೇವೆ ಎಂದರು. ಹಲಗೆಯ ಬುಡಕ್ಕೆ ಗೆದ್ದಲು ಹತ್ತಿದ್ದು ನಿಜವೇ. ಮಾದೇಶ್ ಗೂಡ್ಸ್ ಆಟೋ ತಂದು ನಿಲ್ಲಿಸಿದ್ದ. ಈಗಲ್ಲದಿದ್ದರೆ ಬೇಡ, ಗೆದ್ದಲಿಗೆ ಔಷಧಿ ಹಾಕಿ ವಾರ್ನಿಶ್ ಹೊಡೆದು ನಾನೇ ಮನೆಗೆ ಕೂರಿಸಿ ಬರುತ್ತೇನೆ ಎಂದು ಹಲಗೆಗೆ ಕೈ ಚಾಚಿದ.

ಚಿಕ್ಕಬೀರಮ್ಮ ಬಾಗಿಲನ್ನು ತನ್ನ ಕಡೆಗೆ ಎಳೆದುಕೊಂಡಳು. ಸೆರಗು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು.

"ಬುಡು ಮಗ. ಬುಡಿ ಅಣ್ಣ. ನೀವೆಲ್ಲ ಒಳ್ಳೇವ್ರೇ, ಅದ್ಕೇ ಭಯ ಆಯ್ತದೆ ನಂಗೆ. ಗಾಜೂ ಬ್ಯಾಡ, ವಾರ್ನೀಸೂ ಬ್ಯಾಡ, ಕಲ್ಲೂ ಬ್ಯಾಡ. ಅಲ್ಲಿ ಎಲೆ ಇತ್ತೋ ಇಲ್ವೋ, ಓಯ್ತು. ಇದೊಂದು ಉಳ್ಕಂಡದೆ, ಇದ ನೋಡ್ಕಂಡೇ ಅವ್ನು ಬರ್‌ಬೇಕು. ಗೆದ್ದಲು ತಿಂದಷ್ಟು ತಿನ್ಲಿ, ನಾನಿರೋಗಂಟ ಇರ್ತದೆ. ನಮ್ಮಪ್ಪ ಹೊತ್ಕಂಡ್ ಬಂದ ಬಾಗ್ಲು, ನಾನೇ ಹೊತ್ಕಂಡ್ ಓಯ್ತೀನಿ. ಕೈ ತೆಗಿ ಮಾದೇಶ. ಸರ್ಕಳಿ, ಬಸ್ಸು ಬತ್ತಾ ಅದೆ."